ಹಂಡ ದನ ಕಳೆದಾಗ

ಮೂರು ವರ್ಷದ ಹಿಂದೆ, ಮಳೆಗಾಲದ ಒಂದು ಸಂಜೆ, ನಮ್ಮ ದನ ಬೆಟ್ಟದಿಂದ ಕೊಟ್ಟಿಗೆಗೆ ಬರಲಿಲ್ಲ. ನಮ್ಮದು ಶಿರಸಿಯಿಂದ ಬನವಾಸಿಗೆ ಹೋಗುವ ದಾರಿಯ ಒಂದು ಸಣ್ಣ ಊರು. ಫೋನ್ ಹಿಡಿದು ಸುತ್ತಲ ಮನೆಗಳಿಗೆಲ್ಲ ಕೇಳಿದೆ. 'ಕಪ್ಪು-ಬಿಳಿ ದನ ಕಂಡಿದ್ರಾ?' ಅಂಥವು ಮೂರ್ನಾಲ್ಕು ಕಂಡಿವೆ, ನಿಮ್ಮದು ಯಾವುದು ಅಂದರು.

ಆಯಿ ಒಳಗಿಂದಲೇ ಕೂಗಿದಳು. "ಕಪ್ಪು-ಬಿಳಿ ಹೇಳಿರೆ ಯಾರಿಗೆ ಗೊತ್ತಾಗ್ತು? ಹಂಡ ದನ, ಹಣೆ ಮೇಲೆ ಚಂದ್ರ ಇದ್ದು ಹೇಳು."

ಹಾಗೇ ಹೇಳಿದೆ. ಆ ಕಡೆಯ ಹುಡುಗ, "ಹಂಡೆ ಕಳದೋತಾ?" ಎಂದ. ಬಚ್ಚಲಿನ ಹಂಡೆ! ಅಷ್ಟರಲ್ಲಿ ಅವನ ಅಜ್ಜ ಫೋನ್ ಕಸಿದುಕೊಂಡು, "ನಮ್ಮ ಬ್ಯಾಣದಲ್ಲಿ ಇದ್ದು, ಬಾ" ಎಂದರು. ಬ್ಯಾಣ ಎಂದರೆ ಹುಲ್ಲುಗಾವಲು.

ಮರುದಿನವೇ ಒಂದು ನೋಟ್‌ಬುಕ್ ತಂದು ಇಂಥ ಪದಗಳನ್ನು ಬರೆದಿಡಲು ಶುರು ಮಾಡಿದೆ. ಮೊದಲ ಎರಡು ತಿಂಗಳು ದಂಡ. ದನ ತೋರಿಸಿ 'ಈ ಬಣ್ಣಕ್ಕೆ ಏನು ಹೇಳ್ತೀರಿ?' ಎಂದು ಕೇಳುತ್ತಿದ್ದೆ. ಕೈಯಲ್ಲಿ ಪೆನ್ನು ನೋಡಿದ ಕೂಡಲೇ ಜನ ಶಾಲೆಯ ಕನ್ನಡಕ್ಕೆ ಹೋಗಿಬಿಡುತ್ತಾರೆ. 'ಕಪ್ಪು ಬಿಳಿ ಮಿಶ್ರ' ಎಂದೇ ಹೇಳುತ್ತಾರೆ. ಆಮೇಲೆ ಪ್ರಶ್ನೆ ಬದಲಿಸಿದೆ. 'ಇದು ಕಳೆದುಹೋದರೆ ಪಕ್ಕದ ಮನೆಯವರಿಗೆ ಹೇಗೆ ಹೇಳ್ತೀರಿ?' ಆಗ ಬಂದವು ನೋಡಿ ಪದಗಳು. ಒಂದು ಮನೆಯಲ್ಲಿ ತೆಗೆದ ಫೋಟೊವನ್ನು ಇನ್ನೊಂದು ಮನೆಯಲ್ಲಿ ತೋರಿಸುತ್ತಿದ್ದೆ. ಅಲ್ಲೂ ಅದೇ ಪದ ಬಂದರೆ ಮಾತ್ರ ಪಟ್ಟಿಗೆ ಏರಿಸುತ್ತಿದ್ದೆ. ಹಾಲು ಕರೆಯುವ ಹೆಂಗಸರ ಹತ್ತಿರ ಜಾಸ್ತಿ ಸಿಕ್ಕಿತು. ಗಂಡಸರು ಸುಮ್ನೆ ದನದ ರೇಟು ಹೇಳುತ್ತಾರೆ.

ಹಣೆಯಲ್ಲಿ ಬಿಳಿ ಮಚ್ಚೆ ಇದ್ದರೆ ಚಂದ್ರಿ. ಸಣ್ಣ ಸಣ್ಣ ಬೊಟ್ಟು ಇದ್ದರೆ ಚುಕ್ಕಿ. ದೊಡ್ಡ ದೊಡ್ಡ ತೇಪೆ ಹಾಕಿದಂತಿದ್ದರೆ ಹಂಡ. ಬಣ್ಣ ಪೂರ್ತಿ ಕಲಸಿಹೋಗಿದ್ದರೆ ಹಂಡಬಂಡ. ಕೌಲೆ ತೇಪೆಯ ಬಣ್ಣವಲ್ಲ, ಕಂದು ಮೈ. ಆದರೂ ಬಿಡಲು ಮನಸ್ಸಾಗಲಿಲ್ಲ. ಕಪಿಲೆ ಹೋಗಿ ಕವಿಲೆ ಆಯಿತು, ಅದೇ ಕೌಲೆ. ಕಪಿಲ ಎಂದರೆ ಕಪಿಯ ಬಣ್ಣದ್ದು. ಹಳೆಯ ಶಾಸನಗಳ ಕೊನೆಯಲ್ಲಿ, ದಾನ ಕೆಡಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆ ಕೊಂದ ಪಾಪ ಬರಲಿ ಎಂಬ ಶಾಪ ಇರುತ್ತದಲ್ಲ, ಅದೇ ಕವಿಲೆ ನಮ್ಮ ಕೊಟ್ಟಿಗೆಯಲ್ಲಿ ಹುಲ್ಲು ಮೇಯುತ್ತಿದೆ.

ಚಂದ್ರ ಹಣೆಯ ಮೇಲೇ ಏಕೆ? ಇದನ್ನು ಒಬ್ಬ ಪಶುವೈದ್ಯರು ಬಿಡಿಸಿ ಹೇಳಿದರು. ಬಣ್ಣದ ಜೀವಕೋಶಗಳು ಕರು ಹೊಟ್ಟೆಯಲ್ಲಿದ್ದಾಗ ಬೆನ್ನಿನ ಸಾಲಿನಲ್ಲಿ ಹುಟ್ಟಿ, ಎರಡೂ ಬದಿಗೆ ಇಳಿಯುತ್ತವೆ. ಎಲ್ಲ ಕಡೆ ತಲುಪದಿದ್ದರೆ ಆ ಜಾಗ ಬಿಳಿ ಉಳಿಯುತ್ತದೆ. ಹೊಟ್ಟೆ, ಕಾಲಿನ ತುದಿ, ಹಣೆಯ ನಡು ಇವೇ ದೂರದ ಜಾಗಗಳು.

ಮನೆಯ ಪದ ಮುಗಿದ ಮೇಲೆ ಪುಸ್ತಕಕ್ಕೆ ಹೋದೆ. ಹಳೆಯ ಸಂಸ್ಕೃತ ನಿಘಂಟು ಅಮರಕೋಶದ ಒಂದೇ ಸಾಲಿನಲ್ಲಿ ಇಂಥ ಬಣ್ಣಬಣ್ಣದ ಮೈಗೆ ಆರು ಪದಗಳಿವೆ: ಚಿತ್ರ, ಕಿರ್ಮೀರ, ಕಲ್ಮಾಷ, ಶಬಲ, ಏತ, ಕರ್ಬುರ. ಕಾಲಿನ ಮೇಲೆ ಶಾಪದ ನೀರು ಬಿದ್ದು ಮಚ್ಚೆಯಾದ ರಾಜ ಕಲ್ಮಾಷಪಾದ. ವಾಲ್ಮೀಕಿ ರಾಮಾಯಣದಲ್ಲಿ ವಸಿಷ್ಠರ ಹಸುವಿನ ಹೆಸರು ಶಬಲೆ. ಯಮನ ಎರಡು ನಾಯಿಗಳು ಶ್ಯಾಮ, ಶಬಲ. ಅಂದರೆ ಯಮನ ಮನೆಯಲ್ಲೂ ನಾಯಿಗೆ ಕರಿಯ, ಹಂಡ ಎಂದೇ ಹೆಸರು! ಇದನ್ನು ಕೇಳಿ ಆಯಿ ತುಂಬಾ ಹೊತ್ತು ನಕ್ಕಳು.

ದಾಂಡೇಲಿ ಕಾಡಿನಲ್ಲಿ ಜೀಪಿನವರು ಚುಕ್ಕೆ ಜಿಂಕೆಗೆ ಚೀತಲ್ ಎನ್ನುತ್ತಾರೆ. ಅದೂ ಈ ಚಿತ್ರದಿಂದಲೇ ಬಂದದ್ದು. ಚೀತಾ ಕೂಡ. ಕಾರವಾರದಲ್ಲಿ ಮರಾಠಿ ಆಡುವವರ ಬಾಯಲ್ಲಿ ಕೇಳಿಬರುವ ಕಬರಾ, ಕರ್ಬುರದ ಮೊಮ್ಮಗ.

ಕಾರವಾರ ಅಂದೆ ಅಲ್ವಾ, ಅಲ್ಲಿನ ಮೀನು ಮಾರ್ಕೆಟ್ಟಿನಲ್ಲಿ ಒಂದು ಬೆಕ್ಕು ನೋಡಿದೆ. ಬಿಳಿ, ಕಪ್ಪು, ಕಿತ್ತಳೆ, ಮೂರೂ ತೇಪೆ. ಮೀನು ಮಾರುವ ಅಕ್ಕ, ಅದು ಹೆಣ್ಣೇ ಎಂದು ಮುಟ್ಟದೇ ಹೇಳಿದಳು. ಸರಿಯಾಗಿಯೇ ಹೇಳಿದಳು. ಕಿತ್ತಳೆ ಬಣ್ಣದ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿ ಇರುತ್ತದೆ. ಕಿತ್ತಳೆ, ಕಪ್ಪು ಎರಡೂ ಒಟ್ಟಿಗೆ ಬರಲು ಎರಡು ಎಕ್ಸ್ ಬೇಕು. ಹಾಗಾಗಿ ಇಂಥ ಗಂಡು ಬೆಕ್ಕು ಬಲು ಅಪರೂಪ. ಅಮೆರಿಕದವರು ಇದಕ್ಕೆ ಕ್ಯಾಲಿಕೋ ಬೆಕ್ಕು ಎನ್ನುತ್ತಾರೆ. ಕ್ಯಾಲಿಕೋ ಎಂದರೆ ಹತ್ತಿ ಬಟ್ಟೆ. ಬಟ್ಟೆಗೆ ಆ ಹೆಸರು ಬಂದದ್ದು ಇದೇ ಕರಾವಳಿಯ ದಕ್ಷಿಣದ ಕೋಝಿಕ್ಕೋಡಿನಿಂದ. ಕಾರವಾರದಲ್ಲೂ 1638ರಲ್ಲಿ ಇಂಗ್ಲಿಷರು ಕೋಠಿ ತೆರೆದು ಮೆಣಸು, ಮಲ್‌ಮಲ್ ಬಟ್ಟೆ ಕೊಂಡು ಹಡಗು ಹತ್ತಿಸುತ್ತಿದ್ದರು. ಪಟ್ಟೆ ಬೆಕ್ಕಿನ ಟ್ಯಾಬಿ ಎಂಬ ಹೆಸರೂ ಬಟ್ಟೆಯದ್ದೇ, ಬಾಗ್ದಾದಿನ ಒಂದು ಕೇರಿಯ ರೇಷ್ಮೆಯದ್ದು. ಅವರು ಬೆಕ್ಕನ್ನು ನೋಡಿ ಬಟ್ಟೆ ನೆನೆದರು. ಹಣೆ ನೋಡಿ ಚಂದ್ರನನ್ನು ನೆನೆದ ನಮ್ಮವರೇ ನನಗೆ ಹೆಚ್ಚು ಇಷ್ಟ.

ಕಳೆದ ವರ್ಷ ದನದ ಕಿವಿಗೆ ಗುರುತಿನ ಓಲೆ ಹಾಕಲು ಒಬ್ಬ ಹುಡುಗ ಬಂದ. ಹನ್ನೆರಡು ಅಂಕಿಯ ಹಳದಿ ಓಲೆ. ಬಣ್ಣ ಏನು ಎಂದು ಕೇಳಿದ. "ಹಂಡ" ಎಂದೆ. ಅವನು ಮೊಬೈಲ್ ನೋಡುತ್ತ "ಕಪ್ಪು" ಎಂದು ಒತ್ತಿದ. ಆಯಿ ಓಲೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

"ಹಂಗಾರೆ ಇನ್ನು ಕಳದೋದ್ರೆ ಆ ನಂಬರು ಕೂಗವಾ ತಮಾ?"