ಹಂಜಿ ಹಿಡಿದ ಕೈ ಸಡಿಲ ಬಿಡಿ: ತಕಲಿಯಲ್ಲಿ ನೂಲುವ ಬಗೆ

ನೂಲ ಹುಣ್ಣಿಮೆ ಹತ್ತಿರ ಬಂದರೆ ನಮ್ಮ ಶಿರಸಿ ಕಡೆಯ ಕೆಲವು ಮನೆಗಳಲ್ಲಿ ಅಟ್ಟದ ಮೇಲಿನ ತಕಲಿ, ಅಂದರೆ ಕೈಯಲ್ಲೇ ತಿರುಗಿಸಿ ನೂಲುವ ಕೊಕ್ಕೆಯ ಸಣ್ಣ ಕಡ್ಡಿ, ಕೆಳಗಿಳಿಯುತ್ತದೆ. ಅಜ್ಜ ಜನಿವಾರಕ್ಕೆ ನೂಲುತ್ತಿದ್ದದ್ದು ಇದರಲ್ಲೇ ಅಂತ ನೆನಪಾಗುತ್ತದೆ. ಹತ್ತು ನಿಮಿಷದಲ್ಲಿ ಹತ್ತು ಸಲ ಎಳೆ ತುಂಡಾಗಿ ಅದು ವಾಪಸ್ ಅಟ್ಟ ಸೇರುತ್ತದೆ. ಕಳೆದ ವರ್ಷ ಅಕ್ಕನ ಮನೆ ಜಗಲಿಯಲ್ಲಿ ಐದು ಜನ ಹೀಗೇ ಸೋತರು. ಐವರದ್ದೂ ಒಂದೇ ತಪ್ಪು.

ಮೊದಲು ಹತ್ತಿ. ಮೆಡಿಕಲ್ ಶಾಪಿನ ಹತ್ತಿ ಬೇಡವೇ ಬೇಡ. ಅದರ ಮೇಣ ತೆಗೆದಿರುತ್ತಾರೆ, ಎಳೆಗಳು ಸಲೀಸಾಗಿ ಜಾರುವುದಿಲ್ಲ. ದಿಂಬಿಗೆ ತುಂಬುವ ಬೂರುಗದ ಹತ್ತಿಯದ್ದು ಉಲ್ಟಾ ಕತೆ, ವಿಪರೀತ ನುಣುಪು, ಒಂದನ್ನೊಂದು ಹಿಡಿದುಕೊಳ್ಳುವುದೇ ಇಲ್ಲ. ಬೀಜ ತೆಗೆದ ಅರಳೆ ಬಿಡಿಸಿ, ಕಡ್ಡಿಗೆ ಸಡಿಲವಾಗಿ ಸುತ್ತಿ, ಕಡ್ಡಿ ಎಳೆದುಬಿಟ್ಟರೆ ನೂಲುವ ಹತ್ತಿಯ ಸುರುಳಿ, ಅಂದರೆ ಹಂಜಿ, ಸಿದ್ಧ. ಮಳೆಗಾಲದ ತೇವದ ಗಾಳಿ ಹತ್ತಿ ನೂಲಲು ಒಳ್ಳೆಯದೇ, ಆದರೆ ಹಂಜಿಯನ್ನು ಡಬ್ಬಿಯಲ್ಲಿಡಿ, ಇಲ್ಲದಿದ್ದರೆ ಬೂಷ್ಟು ಬರುತ್ತದೆ.

ತಕಲಿ ಹಗುರ ಇರಲಿ, 20–30 ಗ್ರಾಂ ಸಾಕು. ಆನ್‌ಲೈನ್‌ನಲ್ಲಿ ಚಂದ ಕಾಣುವ ದಪ್ಪ ಮರದ ಕದಿರು ತರಿಸಿ ನಾನೂ ದುಡ್ಡು ಕಳೆದಿದ್ದೇನೆ. ಆ ಭಾರಕ್ಕೆ ಹತ್ತಿಯ ಎಳೆ ತಡೆಯುವುದಿಲ್ಲ. ತಕಲಿಯ ಮೊನೆಯನ್ನು ತೆಂಗಿನ ಗೆರಟೆಯಲ್ಲಿ ಊರಿ. ಕಡ್ಡಿಗೆ ಒಂದು ಗೇಣು ಹಳೇ ನೂಲು ಕಟ್ಟಿ, ಕೊಕ್ಕೆಗೆ ಸಿಕ್ಕಿಸಿ, ಅದರ ತುದಿಗೆ ಹಂಜಿಯ ತುದಿ ತಾಗಿಸಿ.

ಎಲ್ಲರೂ ಎಡವುವುದು ಇಲ್ಲೇ. ಬಲಗೈ ತಕಲಿ ತಿರುಗಿಸುತ್ತದೆ, ಎಡಗೈ ಹಂಜಿ ಹಿಡಿಯುತ್ತದೆ. ತುಂಡಾದೀತು ಅನ್ನುವ ಹೆದರಿಕೆಗೆ ಎಡಗೈ ಬಿಗಿಯಾಗುತ್ತದೆ, ಬಿಗಿಯಾದ್ದಕ್ಕೇ ತುಂಡಾಗುತ್ತದೆ. ಹತ್ತಿಯ ಒಂದೊಂದು ಎಳೆ ಬರೀ ಎರಡು-ಮೂರು ಸೆಂಟಿಮೀಟರ್. ಒಂದು ತುದಿ ಹುರಿಯಲ್ಲಿ (ತಕಲಿ ತಿರುಗಿ ಬಿದ್ದ ತಿರುಚಿನಲ್ಲಿ) ಸಿಕ್ಕಿ ಇನ್ನೊಂದು ತುದಿ ನಿಮ್ಮ ಬೆರಳಲ್ಲಿ ಸಿಕ್ಕಿದ್ದರೆ ಅದು ಜಾರುವುದಾದರೂ ಎಲ್ಲಿಗೆ? ಹಲಸಿನ ಹಸಿ ಹಪ್ಪಳ ಎತ್ತುವಷ್ಟು ಹಗುರವಾಗಿ ಹಿಡಿಯಿರಿ. ಹುರಿ ಬೆರಳಿಗೆ ತಾಗಿದ್ದು ಗೊತ್ತಾಗುತ್ತದೆ, ಆಗ ಕೈಯನ್ನು ನಿಧಾನಕ್ಕೆ ಹಿಂದೆ ತನ್ನಿ. ದಪ್ಪ ಗಂಟು ಬಂದರೆ ಗಾಬರಿ ಬೇಡ, ಹುರಿ ಮೊದಲು ಏರುವುದು ಸಪೂರ ಇದ್ದಲ್ಲಿಗೆ, ದಪ್ಪ ಜಾಗ ಇನ್ನೂ ಸಡಿಲ ಇರುತ್ತದೆ, ಮೆಲ್ಲಗೆ ಎಳೆದರೆ ಅದೂ ಸಪೂರ ಆಗುತ್ತದೆ. ಆಮೇಲೇ ಮತ್ತೊಮ್ಮೆ ತಿರುಗಿಸಿ. ತಕಲಿ ಮಾತ್ರ ಹಿಂದಕ್ಕೆ ತಿರುಗಬಾರದು, ಹುರಿ ಬಿಚ್ಚಿ ಎಳೆ ಕಳಚುತ್ತದೆ.

ಎರಡೂ ಕೈ ಒಟ್ಟಿಗೆ ಆಗದಿದ್ದರೆ ತಕಲಿ ತಿರುಗಿಸಿ, ಎಳೆಯನ್ನು ಚಿವುಟಿ ಹಿಡಿದು, ತಕಲಿಯನ್ನು ಮಂಡಿಗಳ ನಡುವೆ ನಿಲ್ಲಿಸಿ, ಆಮೇಲೆ ಎಳೆಯಿರಿ. ಮೊದಲ ವಾರ ನಾನು ಇದನ್ನೇ ಮಾಡಿಸುವುದು. ಮೊಳದಷ್ಟು ಆದ ಮೇಲೆ ಸ್ವಲ್ಪ ಸಡಿಲ ಬಿಟ್ಟು ನೋಡಿ. ತನ್ನಷ್ಟಕ್ಕೆ ಸುರುಳಿ ಸುತ್ತಿಕೊಂಡರೆ ಹುರಿ ಸಾಕು, ಕಡ್ಡಿಗೆ ಸುತ್ತಿ. ತುಂಡಾದರೆ ಗಂಟು ಹಾಕಬೇಡಿ, ಎರಡು ತುದಿಯನ್ನೂ ಬಿಡಿಸಿ, ಒಂದರ ಮೇಲೊಂದಿಟ್ಟು ತಿರುಗಿಸಿ.

ಉಣ್ಣೆ ಇದಕ್ಕಿಂತ ಸಲೀಸು. ಎಳೆ ಉದ್ದ, ಹಾಗಾಗಿ ಕೈಗಳ ನಡುವೆ ಅಂತರ ಜಾಸ್ತಿ ಇರಲಿ. ಆ ದಪ್ಪ ಮರದ ಕದಿರನ್ನು ನಿಂತುಕೊಂಡು ಗಾಳಿಯಲ್ಲಿ ತೂಗುಬಿಟ್ಟು ನೂಲಬಹುದು, ನನ್ನದು ಕೊನೆಗೆ ಉಪಯೋಗಕ್ಕೆ ಬಂದದ್ದು ಹಾಗೆ. ಭಟ್ಕಳ ಮಲ್ಲಿಗೆ ಕಟ್ಟುವಂಥ ಬಾಳೆ ನಾರಾದರೆ ಒದ್ದೆ ಮಾಡಿಕೊಳ್ಳಿ. ಅಲ್ಲಿ ಎಳೆದು ಸಪೂರ ಮಾಡುವ ಕೆಲಸವೇ ಇಲ್ಲ, ನಾರಿಗೆ ನಾರು ಸೇರಿಸುತ್ತ ಹುರಿ ಕೊಟ್ಟರಾಯಿತು. ತೆಂಗಿನ ನಾರಿಗೆ ಕದಿರೂ ಬೇಡ, ಅಂಗೈ ಸಾಕು.

ಹತ್ತಿ ನೂಲನ್ನು ಲಡಿ (ಸಡಿಲವಾದ ಸುತ್ತು) ಮಾಡಿ, ಹತ್ತು ನಿಮಿಷ ನೀರಲ್ಲಿ ಕುದಿಸಿ ಒಣಗಿಸಿದರೆ ಹುರಿ ನಿಲ್ಲುತ್ತದೆ. ಜನಿವಾರಕ್ಕೆ ಎಳೆಗಳನ್ನು ಸೇರಿಸಿ ಹುರಿ ಮಾಡುವಾಗ ತಕಲಿಯನ್ನು ನೂಲಿದ್ದಕ್ಕೆ ಉಲ್ಟಾ ತಿರುಗಿಸಬೇಕು. ಭಾವ ಅದನ್ನೇ ಮರೆತು ಒಂದಿಡೀ ಮಧ್ಯಾಹ್ನ ಸಿಕ್ಕು ಬಿಡಿಸುತ್ತ ಕೂತಿದ್ದರು.