ವಾರ್ಡಿನಲ್ಲಿ ರೋಗಿ ಹದಗೆಡುತ್ತಿದ್ದರೆ ತುರ್ತು ತಂಡವನ್ನು ಕರೆಯುವುದು ಹೇಗೆ?

ವಾರ್ಡಿನಲ್ಲಿದ್ದ ರೋಗಿಯ ಹೃದಯ ಇದ್ದಕ್ಕಿದ್ದಂತೆ ನಿಂತಿತು ಎನ್ನುತ್ತಾರೆ. ಎಷ್ಟೋ ಸಲ ಅದಕ್ಕೆ ಕೆಲವು ಗಂಟೆ ಮೊದಲೇ ಉಸಿರು, ನಾಡಿ, ಬಿಪಿ ಏರುಪೇರಾಗಿರುತ್ತವೆ. ಆ ಹೊತ್ತಿಗೇ ಐಸಿಯು ಅನುಭವವಿರುವ ಡಾಕ್ಟರು, ನರ್ಸುಗಳನ್ನು ಹಾಸಿಗೆಯ ಬಳಿಗೆ ಕರೆಸುವ ಏರ್ಪಾಡೇ ರ‍್ಯಾಪಿಡ್ ರೆಸ್ಪಾನ್ಸ್. ಸಿಡ್ನಿಯ ಲಿವರ್‌ಪೂಲ್ ಆಸ್ಪತ್ರೆಯಲ್ಲಿ 1990ರಲ್ಲಿ ಇಂಥ ತಂಡ ಶುರುವಾಯಿತು.

ಮೊದಲು ಉಸಿರು ಎಣಿಸಿ. ಎಲ್ಲಕ್ಕಿಂತ ಜಾಸ್ತಿ ಕಡೆಗಣಿಸುವುದು ಇದನ್ನೇ. ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಎದೆ ಎಷ್ಟು ಸಲ ಏಳುತ್ತದೆ ನೋಡಬೇಕು. ದೊಡ್ಡವರಲ್ಲಿ 12ರಿಂದ 20 ಸರಿ. 25 ಅಥವಾ ಹೆಚ್ಚಿದ್ದರೆ, 8 ಅಥವಾ ಕಡಿಮೆ ಇದ್ದರೆ ತಡಮಾಡಬೇಡಿ. ಆಕ್ಸಿಮೀಟರ್ ಒಳ್ಳೆಯ ಅಂಕಿ ತೋರಿಸುತ್ತಿದೆ ಎಂದು ಸುಮ್ನೆ ಕೂರಬಾರದು. ಆಕ್ಸಿಜನ್ ಕೊಡುತ್ತಿರುವಾಗ ಉಸಿರಾಟ ಸೋಲುತ್ತಿದ್ದರೂ ಆ ಅಂಕಿ ಚೆನ್ನಾಗಿಯೇ ಕಾಣಬಹುದು.

ಆಮೇಲೆ ಅಂಕ ಹಾಕಿ. ರೋಗಿ ಹದಗೆಡುವುದನ್ನು ಮೊದಲೇ ಗುರುತಿಸಲು ಬಳಸುವ ಬ್ರಿಟನ್ನಿನ ನ್ಯೂಸ್-2 ಪಟ್ಟಿಯಲ್ಲಿ ಉಸಿರು, ಆಕ್ಸಿಜನ್ ಮಟ್ಟ, ಬಿಪಿ, ನಾಡಿ, ಎಚ್ಚರ, ಮೈ ಬಿಸಿ ಇವಕ್ಕೆಲ್ಲ ಅಂಕಗಳಿವೆ; ಅಳತೆ ಕೆಟ್ಟಷ್ಟೂ ಅಂಕ ಹೆಚ್ಚು. ಹೊರಗಿನಿಂದ ಆಕ್ಸಿಜನ್ ಕೊಡುತ್ತಿದ್ದರೆ ಇನ್ನೂ 2 ಸೇರುತ್ತದೆ. ಒಟ್ಟು 5 ಆದರೆ ಡಾಕ್ಟರು ಬೇಗ ಬಂದು ನೋಡಬೇಕು. 7 ಅಥವಾ ಹೆಚ್ಚಾದರೆ ತುರ್ತು. ಯಾವುದಾದರೂ ಒಂದಕ್ಕೇ 3 ಬಂದರೂ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಹೊಸದಾಗಿ ಶುರುವಾದ ತಬ್ಬಿಬ್ಬಿಗೂ 3 ಅಂಕ. ಮಕ್ಕಳಿಗೆ, ಗರ್ಭಿಣಿಯರಿಗೆ ಈ ಪಟ್ಟಿ ಅಲ್ಲ, ಬೇರೆಯದೇ ಬೇಕು.

ಇನ್ನು ಕರೆ. ಫೋನಿನಲ್ಲಿ ಕ್ರಮವಾಗಿ ಹೇಳಿ: ಈಗ ಏನಾಗುತ್ತಿದೆ, ರೋಗಿ ಯಾಕೆ ದಾಖಲಾದರು, ಅಳತೆಗಳು ಎಷ್ಟಿವೆ, ನಿಮಗೆ ಏನು ಬೇಕು. "ಒಮ್ಮೆ ನೋಡಿ ಹೋಗ್ತೀರಾ" ಅಂದರೆ ಸಾಲದು. "ಈಗಲೇ ಬನ್ನಿ" ಎನ್ನಬೇಕು. ಅಂಕ ಕಡಿಮೆಯಿದ್ದರೂ ನರ್ಸಿಗೆ ಆತಂಕವೆನಿಸಿದರೆ ಅದೊಂದೇ ಕಾರಣಕ್ಕೆ ಕರೆಯಲು ಅವಕಾಶ ಇರಬೇಕು. ಯಾಕೆ ಕರೆದಿರಿ ಎಂದು ಒಮ್ಮೆ ಗದರಿಸಿದರೆ ಮುಂದಿನ ಸಲ ಯಾರೂ ಕರೆಯುವುದಿಲ್ಲ. ಯಂತ್ರ ಎಷ್ಟು ಚೆನ್ನಾಗಿದ್ದರೇನು, ಏರ್ಪಾಡು ಕುಸಿಯುವುದು ಇಲ್ಲೇ.

ಮನೆಯವರೂ ಕರೆಯಬಹುದೇ? ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಮನೆಯವರೇ ಮರುಪರೀಕ್ಷೆ ಕೇಳುವ ನಿಯಮವಿದೆ. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ 2024ರಿಂದ ಇಂಥದ್ದೇ ಏರ್ಪಾಡು ಜಾರಿಗೆ ಬರುತ್ತಿದೆ. "ಇವರು ಎಂದಿನಂತಿಲ್ಲ" ಎಂಬುದು ಮೊದಲು ಹೊಳೆಯುವುದು ಮನೆಯವರಿಗೇ ಅಲ್ವಾ? ದಾಖಲಾದ ದಿನವೇ ಯಾವ ನಂಬರಿಗೆ ಕರೆ ಮಾಡಬೇಕು ಎಂದು ಕೇಳಿ ಬರೆದಿಟ್ಟುಕೊಳ್ಳಿ.

ತಂಡ ಬಂದು ಹೋದ ಮೇಲೂ ಕೆಲಸ ಉಳಿದಿರುತ್ತದೆ. ಮುಂದಿನ ಅಳತೆ ಎಷ್ಟು ಹೊತ್ತಿಗೆ, ಯಾವ ಅಂಕಿ ಬಂದರೆ ಮತ್ತೆ ಕರೆಯಬೇಕು ಎಂಬುದನ್ನು ಅವರು ಹೊರಡುವ ಮೊದಲೇ ಕೇಸ್‌ಶೀಟಿನಲ್ಲಿ ಬರೆಸಿಕೊಳ್ಳಿ.