ಹಸಿರು ಕಂಡರೆ ಓಡಬೇಡಿ: ಓರಿಯೆಂಟಿಯರಿಂಗ್ ಸಂಘ ನಡೆಸಿದ ನನ್ನ ಅನುಭವ

ನಾನು ಈ ಕೆಲಸಕ್ಕೆ ಸಿಕ್ಕಿಹಾಕಿಕೊಂಡಿದ್ದು ಒಂದು ದೂರಿನಿಂದ. ಒಂದೇ ಭಾನುವಾರ ನಮ್ಮ ಪ್ರದೇಶದ ಎರಡು ಕ್ಲಬ್ಬುಗಳು ಅರ್ಧ ಗಂಟೆ ದಾರಿಯ ಅಂತರದಲ್ಲಿ ಪಂದ್ಯ ಇಟ್ಟುಕೊಂಡಿದ್ದವು. ಎರಡಕ್ಕೂ ಜನ ಕಮ್ಮಿ. ಆ ವರ್ಷದ ಪ್ರಾದೇಶಿಕ ಸಂಘದ ಸಭೆಯಲ್ಲಿ ಎದ್ದು ನಿಂತು, ಇದನ್ನ ಯಾರಾದ್ರೂ ಮೊದಲೇ ನೋಡಬಾರದಿತ್ತಾ ಅಂತ ಕೇಳಿದೆ. ಅಧ್ಯಕ್ಷರು ನಕ್ಕರು. ಕ್ಯಾಲೆಂಡರ್ ನೋಡಿಕೊಳ್ಳುವ ಹುದ್ದೆ ಎರಡು ವರ್ಷದಿಂದ ಖಾಲಿ ಇತ್ತಂತೆ. ಸಭೆಗೆ ಬಂದಿದ್ದು 14 ಜನ, ಅದರಲ್ಲಿ 13 ಜನಕ್ಕೆ ಆಗಲೇ ಏನಾದರೊಂದು ಕೆಲಸ ಇತ್ತು. ಕಾರು ಹತ್ತಿ ಮನೆಗೆ ಹೊರಟಾಗ ನಾನು ಫಿಕ್ಸ್ಚರ್ಸ್ ಸೆಕ್ರೆಟರಿ ಆಗಿದ್ದೆ. ಮೂರು ವರ್ಷದ ಮೇಲೆ ಹೆಚ್ಚುಕಮ್ಮಿ ಇದೇ ಥರ ಅಧ್ಯಕ್ಷಗಿರಿಯೂ ಬಂತು.

ಇದು ಇಂಗ್ಲೆಂಡಿನ ಆಗ್ನೇಯ ಮೂಲೆಯ ಕಥೆ. ನಾನು ಸೊರಬದ ಕಡೆಯವನು, ಕೆಲಸಕ್ಕೆ ಅಂತ ಬಂದು ಇಲ್ಲೇ ಉಳಿದೆ. ಓರಿಯೆಂಟಿಯರಿಂಗ್ ಅಂದರೆ ಗೊತ್ತಿಲ್ಲದವರಿಗೆ ಎರಡು ಮಾತು: ಕೈಗೆ ಒಂದು ನಕ್ಷೆ, ಒಂದು ದಿಕ್ಸೂಚಿ ಕೊಡುತ್ತಾರೆ. ಕಾಡಿನಲ್ಲಿ ಅಲ್ಲಲ್ಲಿ ಕಿತ್ತಳೆ ಮತ್ತು ಬಿಳಿ ಬಣ್ಣದ ಬಟ್ಟೆ ನೇತುಹಾಕಿರುತ್ತಾರೆ, ಅದಕ್ಕೆ ಕಂಟ್ರೋಲ್ ಅನ್ನುತ್ತಾರೆ. ಅವನ್ನ ಹೇಳಿದ ಕ್ರಮದಲ್ಲಿ ಹುಡುಕಿ, ಬೆರಳಿಗೆ ಕಟ್ಟಿಕೊಂಡ ಡಿಬ್ಬರ್ ಅನ್ನುವ ಪುಟ್ಟ ಎಲೆಕ್ಟ್ರಾನಿಕ್ ಕಡ್ಡಿಯನ್ನ ಅಲ್ಲಿರುವ ಪೆಟ್ಟಿಗೆಗೆ ಚುಚ್ಚಿ, ಬೇಗ ವಾಪಸ್ ಬರಬೇಕು. ದಾರಿ ಯಾವುದು ಅನ್ನೋದು ನಿಮಗೆ ಬಿಟ್ಟಿದ್ದು.

ನಾನು ಮೊದಲ ಸಲ ಎಡವಿದ್ದು ನಕ್ಷೆಯ ಬಣ್ಣದಲ್ಲಿ. ಮಲೆನಾಡಿನವನಿಗೆ ಕಾಡು ಅಂದರೆ ಹಸಿರು, ಅಲ್ವಾ? ಈ ನಕ್ಷೆಯಲ್ಲಿ ಆರಾಮಾಗಿ ಓಡಬಹುದಾದ ಕಾಡು ಬಿಳಿ. ಹಸಿರು ಅಂದರೆ ಪೊದೆ, ಮುಳ್ಳು, ನುಗ್ಗೋಕೆ ಆಗದ ಜಾಗ. ಹಸಿರು ಗಾಢವಾದಷ್ಟೂ ಕಷ್ಟ ಜಾಸ್ತಿ. ಇದು ಗೊತ್ತಿಲ್ಲದೆ ಕಡು ಹಸಿರಿನ ನಡುವೆ ನುಗ್ಗಿ, ಪ್ಯಾಂಟು ಹರಿದುಕೊಂಡು, ಎಂಟು ವರ್ಷದ ಹುಡುಗಿಗಿಂತ ಹಿಂದೆ ಬಂದೆ. ಅವಳು ಸುಮ್ನೆ ಕಾಲುದಾರಿ ಹಿಡಿದು ಹೋಗಿದ್ದಳು.

ಸಂಘದ ವಿಷಯಕ್ಕೆ ಬರೋಣ. ಬ್ರಿಟನ್ನಿನಲ್ಲಿ ಇಂಥ ಸಂಘಗಳು 12 ಇವೆ: ಇಂಗ್ಲೆಂಡಿನಲ್ಲಿ 9 ಪ್ರಾದೇಶಿಕ ಸಂಘ, ಜೊತೆಗೆ ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್. ಮೇಲೆ ರಾಷ್ಟ್ರೀಯ ಸಂಸ್ಥೆ, ಕೆಳಗೆ ಕ್ಲಬ್ಬುಗಳು, ನಡುವೆ ನಾವು. ಪಂದ್ಯ ನಡೆಸುವುದು ಕ್ಲಬ್ಬು, ವಿಮೆ ಮತ್ತು ನಿಯಮ ಮೇಲಿನವರದು. ಹಾಗಾದರೆ ನಿಮಗೇನು ಕೆಲಸ ಅಂತ ನನ್ನ ಹೆಂಡತಿ ಕೇಳಿದ್ದಳು. ತಾರೀಖು ಹೊಂದಿಸುವುದು, ಜನ ಹುಡುಕುವುದು, ಮಕ್ಕಳ ತಂಡ ಕಟ್ಟುವುದು. ದುಡ್ಡಿನದು ದೊಡ್ಡ ತಲೆನೋವಲ್ಲ, ಪ್ರತಿ ಓಟಗಾರನ ಪ್ರವೇಶ ಶುಲ್ಕದಲ್ಲಿ ಒಂದಿಷ್ಟು ಚಿಲ್ಲರೆ ನಮಗೆ ಬರುತ್ತದೆ, ಅದನ್ನ ಖಜಾಂಚಿ ನೋಡಿಕೊಳ್ಳುತ್ತಾರೆ.

ತಾರೀಖು ಅಂದರೆ ಗೋಡೆ ಕ್ಯಾಲೆಂಡರಿನಲ್ಲಿ ಟಿಕ್ ಹಾಕೋದು ಅಂದುಕೊಂಡಿದ್ದೆ. ನಮ್ಮ ಕಡೆಯ ಒಳ್ಳೆಯ ಜಾಗಗಳಲ್ಲಿ ಸುಮಾರು ಭಾಗ ಹೀತ್ ಅನ್ನುವ ಕುರುಚಲು ಬಯಲು. ಅಲ್ಲಿ ನೈಟ್‌ಜಾರ್, ವುಡ್‌ಲಾರ್ಕ್‌ನಂಥ ಹಕ್ಕಿಗಳು ನೆಲದ ಮೇಲೇ ಗೂಡು ಕಟ್ಟುತ್ತವೆ. ಹಾಗಾಗಿ ಮಾರ್ಚ್ ಬಂತು ಅಂದರೆ ಬೇಸಿಗೆ ಮುಗಿಯುವ ತನಕ ದಾರಿ ಬಿಟ್ಟು ಓಡುವ ಹಾಗಿಲ್ಲ. ಇನ್ನೊಂದು ಕಾಡಿನಲ್ಲಿ ಚಳಿಗಾಲದ ಬೇಟೆ, ಮತ್ತೊಂದರಲ್ಲಿ ಮರ ಕಡಿಯುವ ಕೆಲಸ, ಇನ್ನೊಂದು ಕಡೆ ಕಾರು ನಿಲ್ಲಿಸುವ ಗದ್ದೆ ಮಳೆಗೆ ಕೆಸರಾಗಿ ಟ್ರ್ಯಾಕ್ಟರಿನಿಂದ ಎಳೆಸಬೇಕಾಗುತ್ತದೆ, ಇದೆಲ್ಲ ಕಳೆದು ಉಳಿಯುವ ಭಾನುವಾರಗಳಿಗೇ ಎಲ್ಲ ಕ್ಲಬ್ಬಿನವರ ಕಣ್ಣು. ಒಮ್ಮೆ ಒಂದು ಕಾಡಿನ ಮಾಲೀಕರು ಪಂದ್ಯಕ್ಕೆ ಒಂಬತ್ತು ದಿನ ಇರುವಾಗ ಅನುಮತಿ ವಾಪಸ್ ತೆಗೆದುಕೊಂಡರು. ನಕ್ಷೆ ಅಚ್ಚಾಗಿ ಬಂದಿತ್ತು. ಆ ಕಟ್ಟು ಈಗಲೂ ನನ್ನ ಗ್ಯಾರೇಜಿನಲ್ಲಿದೆ. ನೀರಿಗೆ ಹಾಳಾಗದ ಕಾಗದ ನೋಡಿ, ಶೆಲ್ಫಿಗೆ ಹಾಸೋಕೆ ಚೆನ್ನಾಗಿದೆ.

ಇಂಥದ್ದಾದಾಗ ನಮ್ಮ ಹಳಬರು 2001ನ್ನ ನೆನಪಿಸುತ್ತಾರೆ. ಆ ವರ್ಷ ಬ್ರಿಟನ್ನಿನ ದನ ಕುರಿಗಳಿಗೆ ಕಾಲುಬಾಯಿ ಜ್ವರ ಬಂದು ಹಳ್ಳಿಗಾಡಿನ ಕಾಲುದಾರಿಗಳನ್ನೆಲ್ಲ ಮುಚ್ಚಿದ್ದರು. ಈಸ್ಟರ್ ರಜೆಯಲ್ಲಿ ನಡೆಯುವ ದೊಡ್ಡ ಹಬ್ಬ, ಜೆಕೆ ಅಂತ ಎಲ್ಲರೂ ಕರೆಯುವ ಯಾನ್ ಶೆಲ್‌ಸ್ಟ್ರೋಮ್ ಕೂಟವೂ ರದ್ದಾಯಿತು. ಕಾಲುಬಾಯಿ ಜ್ವರ ಅಂದಾಗ ನಾನೊಬ್ಬನೇ ವಿವರಣೆ ಕೇಳಲಿಲ್ಲ ಅಂತ ಒಬ್ಬ ಹಿರಿಯರಿಗೆ ಆಶ್ಚರ್ಯ. ನಮ್ಮ ಕೊಟ್ಟಿಗೆಗೂ ಬಂದಿತ್ತು ಮಾರಾಯ್ರೇ, ಅಂದೆ.

ಊರಿನ ತಿಳಿವಳಿಕೆ ಇನ್ನೊಂದು ಕಡೆಯೂ ಕೆಲಸಕ್ಕೆ ಬಂತು. ಪ್ರತಿ ಪಂದ್ಯಕ್ಕೂ ಅಪಾಯಗಳ ಪಟ್ಟಿ ಬರೆಯಬೇಕು, ಅದರಲ್ಲಿ ಉಣುಗು ಇದ್ದೇ ಇರುತ್ತದೆ. ಇಲ್ಲಿ ಉಣುಗು ಕಚ್ಚಿದರೆ ಲೈಮ್ ಕಾಯಿಲೆಯ ಭಯ. ಜನ ಅದನ್ನ ಓದಿ ಮರೆಯುತ್ತಾರೆ. ಉಣುಗಿನಿಂದಲೇ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದ ಕ್ಯಾಸನೂರು ಕಾಡು ನಮ್ಮ ಸೊರಬ ತಾಲೂಕಿನದು. ಉಣುಗಿನ ವಿಷಯದಲ್ಲಿ ತಮಾಷೆ ಮಾಡದ ಜನ ನಾವು. ಈಗ ನಮ್ಮ ಪಂದ್ಯಗಳಲ್ಲಿ ಫಲಿತಾಂಶದ ಟೇಬಲ್ಲಿನ ಪಕ್ಕ ಉಣುಗು ಕೀಳುವ ಕೊಕ್ಕೆ ಇಟ್ಟಿರುತ್ತೇನೆ, ಮಕ್ಕಳ ಮಂಡಿ ಹಿಂದೆ ನೋಡಿ ಅಂತ ಅಪ್ಪ ಅಮ್ಮಂದಿರ ಬೆನ್ನು ಹತ್ತುತ್ತೇನೆ. ಕೊಕ್ಕೆಯ ಮೇಷ್ಟ್ರು ಅಂತ ಹೆಸರೂ ಬಿದ್ದಿದೆ.

ಜನ ಹುಡುಕುವುದು ಎಲ್ಲಕ್ಕಿಂತ ಕಷ್ಟ. ಒಂದು ಪಂದ್ಯಕ್ಕೆ ಮೂವರು ಬೇಕೇ ಬೇಕು. ಯಾವ ಕಂಟ್ರೋಲ್ ಎಲ್ಲಿ, ಯಾವ ಕ್ರಮದಲ್ಲಿ ಅನ್ನುವ ಕೋರ್ಸು ಯೋಜಿಸುವ ಪ್ಲಾನರ್, ಪಾರ್ಕಿಂಗಿನಿಂದ ಹಿಡಿದು ಶೌಚಾಲಯದ ತನಕ ನೋಡುವ ಆರ್ಗನೈಸರ್, ಇವರಿಬ್ಬರ ಕೆಲಸವನ್ನೂ ಪರೀಕ್ಷಿಸುವ ಕಂಟ್ರೋಲರ್. ಕಂಟ್ರೋಲರ್ ಪ್ರತಿಯೊಂದು ಜಾಗಕ್ಕೂ ನಡೆದು ಹೋಗಿ, ಪ್ಲಾನರ್ ಗುರುತಿಗೆ ಕಟ್ಟಿದ ಟೇಪು ಸರಿಯಾದ ಬಂಡೆಗೇ ಕಟ್ಟಿದೆಯಾ, ಪಕ್ಕದ ಬಂಡೆಗಾ ಅಂತ ನೋಡಬೇಕು. ಪಂದ್ಯದ ಬೆಳಿಗ್ಗೆ ಕತ್ತಲಲ್ಲೇ ಮತ್ತೊಂದು ಸಲ. ಅನುಭವ ಇರುವ ಕಂಟ್ರೋಲರುಗಳು ನಮ್ಮಲ್ಲಿ ಬೆರಳೆಣಿಕೆಯಷ್ಟು, ಮುಕ್ಕಾಲು ಪಾಲು ಅರವತ್ತು ದಾಟಿದವರು.

ಮೊದಲ ವರ್ಷ ನಾನು ಮಾಡಿದ ತಪ್ಪು ಎಲ್ಲರಿಗೂ ಒಟ್ಟಿಗೆ ಮೇಲ್ ಕಳಿಸಿದ್ದು. ಸಹಾಯ ಮಾಡುವವರು ಬೇಕು, ಆಸಕ್ತರು ತಿಳಿಸಿ ಅಂತ. ಒಂದೇ ಒಂದು ಉತ್ತರ ಬಂತು, ಅದೂ ರಜೆಯಲ್ಲಿದ್ದೇನೆ ಅನ್ನುವ ತಾನಾಗೇ ಹೋಗುವ ಉತ್ತರ. ಆಮೇಲೆ ಊರಲ್ಲಿ ಮದುವೆಗೆ ಕರೆಯುವ ಕ್ರಮ ನೆನಪಾಯಿತು. ಕಾಗದ ಹಾಕಿ ಕೂತರೆ ಯಾರು ಬರುತ್ತಾರೆ, ಮನೆಗೇ ಹೋಗಿ ಕರೀಬೇಕಲ್ಲ. ಈಗ ಒಬ್ಬರಿಗೇ ಫೋನು, ಒಂದೇ ಕೆಲಸ, ಗಂಟೆ ಸಮೇತ. ನೀವು ಹನ್ನೊಂದರಿಂದ ಹನ್ನೆರಡು ಸ್ಟಾರ್ಟಿನಲ್ಲಿ ನಿಲ್ತೀರಾ, ಆಮೇಲೆ ನೀವು ಓಡಬಹುದು, ಅಂತ. ಬೇಡ ಅಂದವರು ಕಮ್ಮಿ. ಸ್ಟಾರ್ಟಿನಲ್ಲಿ ನಿಂತವರು ಮುಂದಿನ ವರ್ಷ ಕಂಟ್ರೋಲ್ ಎತ್ತಿ ತರುತ್ತಾರೆ, ಅದರ ಮುಂದಿನ ವರ್ಷ ಮಕ್ಕಳ ಸುಲಭ ಕೋರ್ಸು ಪ್ಲಾನ್ ಮಾಡುತ್ತಾರೆ. ನಿಧಾನ, ಆದರೆ ನಡೆಯುತ್ತದೆ.

ಒಂದು ದಿನದ ಕಥೆ ಹೇಳಲೇಬೇಕು. ನವೆಂಬರ್ ಕೊನೆ. ಕೋರ್ಸು ಮುಚ್ಚುವುದು ಎರಡೂವರೆಗೆ, ಸೂರ್ಯ ಮುಳುಗುವುದು ನಾಲ್ಕಕ್ಕೆ. ಎಲ್ಲರ ಡಿಬ್ಬರಿನ ಲೆಕ್ಕ ತೆಗೆದಾಗ ಒಬ್ಬ ಓಟಗಾರ ವಾಪಸ್ ಬಂದಿಲ್ಲ ಅಂತ ಕಂಪ್ಯೂಟರ್ ತೋರಿಸಿತು. ಫೋನು ಎತ್ತುತ್ತಿಲ್ಲ. ಮೂರು ಗಂಟೆಗೆ ಆರು ಜನ ಕಾಡಿಗೆ ಹೊರಟರು, ಓಡಿ ಸುಸ್ತಾದವರೇ ಮತ್ತೆ ಶೂ ಕಟ್ಟಿಕೊಂಡು. ಮಳೆ ಬೇರೆ. ನಾನು ಟೆಂಟಿನಲ್ಲಿ ನಿಂತು ಯಾವಾಗ ಪೊಲೀಸರಿಗೆ ಹೇಳಬೇಕು ಅಂತ ಗಡಿಯಾರ ನೋಡುತ್ತಿದ್ದೆ. ಆಗ ಒಬ್ಬಳು ಹುಡುಗಿ ಪಾರ್ಕಿಂಗ್ ಗದ್ದೆಯಿಂದ ಓಡಿ ಬಂದಳು. ಎಣಿಸಿ ನೋಡಿದೆ, ಉಳಿದ ಕಾರೆಲ್ಲ ನಮ್ಮವರದೇ, ಅವರ ಕಾರಿಲ್ಲ, ಅಂದಳು. ನಾನು ಅದನ್ನ ಯೋಚಿಸಿಯೇ ಇರಲಿಲ್ಲ. ಮೂರೂ ನಲವತ್ತಕ್ಕೆ ಆ ಮನುಷ್ಯ ಫೋನು ಎತ್ತಿದ. ಮೂರನೇ ಕಂಟ್ರೋಲ್ ಸಿಗಲಿಲ್ಲ, ಬೇಜಾರಾಗಿ ಮನೆಗೆ ಬಂದು ಸ್ನಾನ ಮಾಡುತ್ತಿದ್ದೆ, ಅಂದ. ಓಟ ಅರ್ಧಕ್ಕೆ ಬಿಟ್ಟರೂ ಡಿಬ್ಬರಿನ ಲೆಕ್ಕ ತೆಗೆಯುವ ಡೌನ್‌ಲೋಡ್ ಟೇಬಲ್ಲಿಗೆ ಬಂದು ಹೇಳಿಯೇ ಹೋಗಬೇಕು, ಇದು ಇಲ್ಲಿಯ ಮೊದಲ ಪಾಠ. ಬೈಯಲಿಲ್ಲ. ಆದರೆ ಅಂದಿನಿಂದ ಪ್ರವೇಶ ಪತ್ರದಲ್ಲಿ ಕಾರಿನ ನಂಬರ್ ಮತ್ತು ಮನೆಯವರೊಬ್ಬರ ಫೋನು ಎರಡೂ ಬರೆಸುತ್ತೇವೆ.

ನನಗೆ ತುಂಬಾ ಇಷ್ಟವಾದ ಭಾಗ ಮಕ್ಕಳದು. ವರ್ಷಕ್ಕೊಮ್ಮೆ 12 ಸಂಘಗಳ ಮಕ್ಕಳ ತಂಡಗಳಿಗೆ ಪೈಪೋಟಿ ಇದೆ, 14, 16, 18 ವಯಸ್ಸಿನ ಗುಂಪುಗಳು, ಒಂದು ದಿನ ಒಬ್ಬೊಬ್ಬರ ಓಟ, ಮರುದಿನ ರಿಲೇ. ನಾವು ಗೆಲ್ಲುವವರಲ್ಲ. ಬೆಟ್ಟಗುಡ್ಡದ ಕಡೆಯ ಮಕ್ಕಳ ಮುಂದೆ ನಮ್ಮ ಬಯಲಿನ ಮಕ್ಕಳು ಏದುಸಿರು ಬಿಡುತ್ತಾರೆ. ಆದರೆ ವಾಪಸ್ ಬರುವ ಮಿನಿಬಸ್ಸಿನಲ್ಲಿ ಎಲ್ಲರೂ ನಕ್ಷೆ ತೊಡೆ ಮೇಲೆ ಹರಡಿ, ನೀನು ಈ ಗುಡ್ಡ ಹತ್ತಿದ್ಯಾ, ಸುತ್ತು ಹಾಕಿದ್ಯಾ ಅಂತ ಮೂರು ಗಂಟೆ ಜಗಳ ಆಡುತ್ತಾರೆ. ಮೊಬೈಲ್ ಯಾರ ಕೈಯಲ್ಲೂ ಇರುವುದಿಲ್ಲ. ಕಾರು ಎಣಿಸಿದ ಆ ಹುಡುಗಿ ಈ ತಂಡದವಳೇ.

ಈ ವರ್ಷದ ಸಭೆ ಇನ್ನು ಮೂರು ವಾರಕ್ಕೆ. ಫಿಕ್ಸ್ಚರ್ಸ್ ಸೆಕ್ರೆಟರಿ ಹುದ್ದೆ ಮತ್ತೆ ಖಾಲಿ. ಕಳೆದ ಭಾನುವಾರ ಒಬ್ಬ ಹೆಂಗಸು ಕೆಸರಿನ ಕಾಲಲ್ಲೇ ನನ್ನ ಹತ್ತಿರ ಬಂದು, ಮಾರ್ಚಿನಲ್ಲಿ ಒಂದೇ ದಿನ ಎರಡು ಪಂದ್ಯ ಇದೆಯಲ್ಲ, ಇದನ್ನ ಯಾರೂ ನೋಡೋದಿಲ್ವಾ ಅಂತ ಜೋರಾಗಿಯೇ ಕೇಳಿದರು. ಸಭೆಗೆ ಬನ್ನಿ, ಅಲ್ಲೇ ಕೇಳಿ, ಅಂದಿದ್ದೇನೆ. ಬರ್ತೀನಿ ಅಂದಿದ್ದಾರೆ.